ಮುಂದಿನ ವಾರ ಯಾರು ಇರುತ್ತಾರೋ ಗೊತ್ತಿಲ್ಲದ ಪಾಠ

ಹದಿಹರೆಯದ ಮಕ್ಕಳ ಆಶ್ರಯ ಕೇಂದ್ರದಲ್ಲಿ ನನ್ನ ಮೊದಲ ಪಾಠ ಮುಗಿದಿತ್ತು. ಗಿಟಾರಿನಂಥ ಪುಟ್ಟ ವಾದ್ಯಗಳಾದ ಯುಕುಲೆಲೆಗಳನ್ನು ಚೀಲಕ್ಕೆ ಹಾಕುತ್ತಿದ್ದೆ. ಅಷ್ಟು ಹೊತ್ತೂ ಬಾಗಿಲ ಹತ್ತಿರವೇ ನಿಂತಿದ್ದ ಹುಡುಗಿಯೊಬ್ಬಳು ಬಂದು ಕೇಳಿದಳು: "ಮುಂದಿನ ವಾರ ನಿಜವಾಗ್ಲೂ ಬರ್ತೀರಾ ಸರ್?" ಬರುತ್ತೇನೆ ಅಂದೆ, ಹೋದೆ ಕೂಡ. ಆದರೆ ಅವಳೇ ಇರಲಿಲ್ಲ. ಬೇರೆ ಕಡೆಗೆ ಕಳಿಸಿದ್ದರು. ನನ್ನ ಪಾಠದಿಂದ ಅವಳು ಬರಿಗೈಲಿ ಹೋದಳಲ್ಲ ಎಂಬ ನೋವು ಇನ್ನೂ ಇದೆ.

ಸಂಗೀತ ಕಲಿಸುವುದೇ ನನ್ನ ವೃತ್ತಿ. ನಮ್ಮ ಮಾಮೂಲಿ ಪಾಠ ಮೆಟ್ಟಿಲು ಹತ್ತಿದ ಹಾಗೆ. ಇವತ್ತು ಕಲಿತದ್ದರ ಮೇಲೆ ನಾಳೆಯದು ನಿಲ್ಲುತ್ತದೆ. ಆಶ್ರಯ ಕೇಂದ್ರದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಒಬ್ಬರು ಮೂರು ದಿನ ಇರುತ್ತಾರೆ, ಇನ್ನೊಬ್ಬರು ತಿಂಗಳುಗಟ್ಟಲೆ. ಹಾಗಾಗಿ ಪ್ರತಿ ತರಗತಿಯೂ ಅವತ್ತಿಗವತ್ತೇ ಪೂರ್ತಿಯಾಗಬೇಕು. ಮುಕ್ಕಾಲು ಗಂಟೆಯಲ್ಲಿ ಏನಾದರೊಂದು ನುಡಿಸಿ, ಅದನ್ನು ಜೊತೆಗೆ ಒಯ್ಯುವಂತಿರಬೇಕು.

ಯುಕುಲೆಲೆ ಆರಿಸಿಕೊಂಡದ್ದು ಇದಕ್ಕೇ. ಗಿಟಾರಿಗೆ ಆರು ತಂತಿ. ಲೋಹದ ತಂತಿಯಾದರೆ ಮೊದಲ ಕೆಲವು ವಾರ ಬೆರಳ ತುದಿ ಉರಿಯುತ್ತದೆ. ಯುಕುಲೆಲೆಗೆ ನಾಲ್ಕೇ ತಂತಿ, ಅದೂ ನೈಲಾನಿನಂಥ ಮೆತ್ತನೆಯವು. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಸಿ ಅನ್ನುವ ಕಾರ್ಡಿಗೆ ಒಂದೇ ಬೆರಳು ಸಾಕು, ಎ ಮೈನರ್ ಅನ್ನುವುದಕ್ಕೂ ಒಂದೇ. ಎ ಮೈನರಿನ ಬೆರಳನ್ನು ಹಾಗೇ ಇಟ್ಟು ಇನ್ನೊಂದು ಸೇರಿಸಿದರೆ ಎಫ್ ಆಯಿತು. ಮೊದಲ ದಿನವೇ ಎರಡು ಕಾರ್ಡಿನಲ್ಲಿ ಒಂದು ಹಾಡು ಸಾಗುತ್ತದೆ. ಕೊನೆಯಲ್ಲಿ ಕಾರ್ಡುಗಳ ಚಿತ್ರವಿರುವ, ಜೇಬಿಗೆ ಹಿಡಿಯುವಷ್ಟು ಚಿಕ್ಕ ಚೀಟಿಯೊಂದನ್ನು ಎಲ್ಲರಿಗೂ ಕೊಡುತ್ತೇನೆ. ಆ ಹುಡುಗಿ ಹೋದ ಮೇಲೆ ಶುರು ಮಾಡಿದ್ದು ಇದು.

ವಾದ್ಯಗಳನ್ನು ವಾಪಸ್ ತರುವುದನ್ನೂ ಬಿಟ್ಟೆ. ವಾರಕ್ಕೊಮ್ಮೆ ಬಂದು ಹೋಗುವ ವಾದ್ಯದಲ್ಲಿ ಅಭ್ಯಾಸ ಹೇಗೆ ಮಾಡುತ್ತಾರೆ? ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಮೊದಮೊದಲು ಇದು ತಲೆನೋವು ಅನ್ನಿಸಿತ್ತು. ಈಗ ಶ್ರುತಿ ಮಾಡುವುದನ್ನೇ ಮೊದಲು ಕಲಿಸುತ್ತೇನೆ. ಹಾಡಲು ಒಪ್ಪದ, ಯಾರ ಜೊತೆಗೂ ಮಾತಾಡದ ಹುಡುಗನೊಬ್ಬ ನಾನು ಹೋಗುವಷ್ಟರಲ್ಲಿ ಐದೂ ಯುಕುಲೆಲೆಗಳ ಶ್ರುತಿ ಸರಿ ಮಾಡಿಟ್ಟಿರುತ್ತಿದ್ದ. ಅವನ ಕಿವಿ ಅಷ್ಟು ಸೂಕ್ಷ್ಮ.

ನಮ್ಮ ವೃತ್ತಿಯ ಕೆಲವು ಅಭ್ಯಾಸಗಳನ್ನು ಇಲ್ಲಿ ಬಿಡಬೇಕು. ಬೆರಳು ತಪ್ಪಾದರೆ ಕೈ ಹಿಡಿದು ಸರಿ ಮಾಡುತ್ತೇವೆ, ಅಲ್ವಾ? ಇಲ್ಲಿ ಹಾಗೆ ಮಾಡಬೇಡಿ. ಹೊಡೆತ ತಿಂದು ಬಂದವರಿಗೆ ಮುಟ್ಟುವುದೇ ಭಯ ತರಬಹುದು. ನಾನು ಎದುರು ಕೂತು ನನ್ನ ವಾದ್ಯದಲ್ಲಿ ತೋರಿಸುತ್ತೇನೆ. ಬೆರಳಿಡುವ ಜಾಗಕ್ಕೆ ಬಣ್ಣದ ಚುಕ್ಕೆ ಅಂಟಿಸಿರುತ್ತೇನೆ. ಬೆನ್ನ ಹಿಂದೆ ನಿಲ್ಲುವುದಿಲ್ಲ. ಡ್ರಮ್ ಬಾರಿಸುವ ಮುಂಚೆ ಹೇಳಿಯೇ ಬಾರಿಸುತ್ತೇನೆ. ಬಾಗಿಲು ತೆರೆದಿರುತ್ತದೆ, ಕೇಂದ್ರದ ಸಿಬ್ಬಂದಿ ಒಬ್ಬರು ಜೊತೆಗಿರುತ್ತಾರೆ.

ಹಾಡನ್ನು ಅವರೇ ಆರಿಸಲಿ. ಅಮ್ಮನ ಬಗ್ಗೆ, ಮನೆಯ ಬಗ್ಗೆ ಇರುವ ಹಾಡು ನಮಗೆ ಬರೀ ಹಾಡು. ಕೇಳುವವರಿಗೆ ಅದು ಏನನ್ನು ಕೆದಕುತ್ತದೋ ನಮಗೆ ಗೊತ್ತಾಗುವುದಿಲ್ಲ.

ದನಿ ಒಡೆಯುವ ವಯಸ್ಸು ಇದು ಅನ್ನುವುದೂ ನೆನಪಿರಲಿ. ಹುಡುಗರ ಗಂಟಲಿನ ಸ್ವರತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ದನಿಯೂ ಸ್ವಲ್ಪ ಇಳಿಯುತ್ತದೆ. ಮೊನ್ನೆವರೆಗೆ ಸಿಗುತ್ತಿದ್ದ ಸ್ವರ ಇವತ್ತು ಸಿಗದಿದ್ದರೆ ಅದು ಅವರ ತಪ್ಪಲ್ಲ. ಇದನ್ನು ಬಿಡಿಸಿ ಹೇಳಿ, ಶ್ರುತಿ ಇಳಿಸಿ.

ಅವರ ಕಥೆಯನ್ನು ನೀವಾಗಿ ವಿಚಾರಿಸಬೇಡಿ. ತಾವಾಗಿಯೇ ಹೇಳಿದರೆ ಕಿವಿಗೊಡಿ, ಆದರೆ ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ. ಮಗು ಅಪಾಯದಲ್ಲಿದೆ ಅನ್ನಿಸಿದರೆ ಸಿಬ್ಬಂದಿಗೆ ತಿಳಿಸಲೇಬೇಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫೋಟೊ, ವಿಡಿಯೊ ಬೇಡವೇ ಬೇಡ. ಯಾರಿಂದ ತಪ್ಪಿಸಿಕೊಂಡು ಬಂದಿದ್ದಾರೋ ಅವರಿಗೇ ಇದು ಜಾಗದ ಸುಳಿವು ಕೊಡಬಹುದು. ಒಂದು ಕಡೆ ದಾನಿಗಳ ಮುಂದೆ ಮಕ್ಕಳಿಂದ ಕಾರ್ಯಕ್ರಮ ಮಾಡಿಸಲು ಕೇಳಿದ್ದರು. ನಾನು ಒಪ್ಪಲಿಲ್ಲ. ಕೃತಜ್ಞತೆ ತೋರಿಸಲು ಹಾಡುವುದು ಬೇರೆ, ಖುಷಿಗೆ ಹಾಡುವುದು ಬೇರೆ.

"ಮೊದಲು ಊಟ, ಸೂರು ಕೊಡೋಣ, ಸಂಗೀತ ಆಮೇಲೆ" ಅನ್ನುವವರೂ ಸಿಗುತ್ತಾರೆ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಆಟ, ಕಲೆ ಇವೆಲ್ಲ ಮಗುವಿನ ಹಕ್ಕು ಅನ್ನುತ್ತದೆ. ಎಲ್ಲ ಸರಿಹೋದ ಮೇಲೆ ಕೊಡಿ ಅಂತ ಅದರಲ್ಲಿಲ್ಲ.

ಸ್ವಯಂಸೇವಕರು ಎಷ್ಟು ಚೆನ್ನಾಗಿ ನುಡಿಸುತ್ತಾರೆ ಅನ್ನುವುದಕ್ಕಿಂತ ಹೇಳಿದ ದಿನ ಬರುತ್ತಾರಾ ಅನ್ನುವುದು ಇಲ್ಲಿ ಜಾಸ್ತಿ ಮುಖ್ಯ. ಈ ಮಕ್ಕಳನ್ನು ಹೇಳದೆ ಕೇಳದೆ ಬಿಟ್ಟುಹೋದವರು ಈಗಾಗಲೇ ಸಾಕಷ್ಟಿದ್ದಾರೆ. ಪ್ರತಿ ವಾರ ಆಗುವುದಿಲ್ಲವಾದರೆ ತಿಂಗಳಿಗೊಮ್ಮೆ ಅನ್ನಿ, ಅದನ್ನು ತಪ್ಪಿಸಬೇಡಿ. ನಿಲ್ಲಿಸುವುದಾದರೆ ನಾಲ್ಕು ವಾರ ಮೊದಲೇ ಹೇಳಿ. ಕೊನೆಯ ತರಗತಿಯ ದಿನಾಂಕವನ್ನು ಅವರಿಗೆ ಕಾಣುವ ಹಾಗೆ ಗೋಡೆಯ ಮೇಲೆ ಬರೆದಿಡಿ. ಅವತ್ತು ಯಾವ ಹಾಡು ನುಡಿಸೋಣ ಅಂತ ಅವರನ್ನೇ ಕೇಳಿ.