ಆಟಿಯಲ್ಲಿ ತುಂಬಿದ ಬಾವಿ ಮಾರ್ಚಿನಲ್ಲಿ ಬತ್ತುವುದೇಕೆ?

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ, ಹನ್ನೆರಡು ಹೊಳೆಗಳು ಹರಿಯುತ್ತವೆ. ಆಟಿಯಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯಲ್ಲಿ, ಬಾವಿಗಳು ತುಂಬಿಕೊಳ್ಳುತ್ತವೆ. ಆದರೂ ಮಾರ್ಚ್ ಬಂತೆಂದರೆ ಎಣ್ಮಕಜೆ, ಪೈವಳಿಕೆ, ಬದಿಯಡ್ಕ ಕಡೆಯ ಗುಡ್ಡದ ಮನೆಗಳಲ್ಲಿ ಬಾವಿಯ ತಳ ಕಾಣಿಸುತ್ತದೆ. ಅಂತರ್ಜಲ ಸಮೀಕ್ಷೆಗೆಂದು ತೋಟಗಳಿಗೆ ಹೋದಾಗಲೆಲ್ಲ ಕೃಷಿಕರು ನನ್ನನ್ನು ಕೇಳಿದ್ದು ಒಂದೇ ಮಾತು: ಇಷ್ಟು ಮಳೆಯ ಊರಿನಲ್ಲಿ ನೀರು ಎಲ್ಲಿಗೆ ಹೋಗುತ್ತದೆ, ಭೂಜಲ ಇಲಾಖೆಯವರು ಬಾವಿಗೆ ಟೇಪು ಇಳಿಸಿ ಅಳೆದು ಏನು ಮಾಡುತ್ತಾರೆ? ನ್ಯಾಯವಾದ ಪ್ರಶ್ನೆ.

ರಾಜ್ಯದ ಭೂಜಲ ಇಲಾಖೆಯೂ ಕೇಂದ್ರ ಅಂತರ್ಜಲ ಮಂಡಳಿಯೂ ಆಯ್ದ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ನಿಯತವಾಗಿ ದಾಖಲಿಸುತ್ತವೆ. ಮಂಡಳಿಯ ಅಳತೆ ವರ್ಷಕ್ಕೆ ನಾಲ್ಕು ಬಾರಿ: ಜನವರಿ, ಮುಂಗಾರಿಗೆ ಮೊದಲು, ಆಗಸ್ಟ್ ಮತ್ತು ನವೆಂಬರ್. ಮಳೆಯಿಂದ ಭೂಮಿಗೆ ಇಂಗಿದ್ದೆಷ್ಟು, ಅದರಲ್ಲಿ ನಾವು ಮೇಲೆತ್ತಿದ್ದೆಷ್ಟು ಎಂಬ ಅನುಪಾತ ಈ ಅಂಕಿಗಳಿಂದ ಹೊರಡುತ್ತದೆ. ಅದು ಶೇಕಡಾ 70ರ ಒಳಗಿದ್ದರೆ ಬ್ಲಾಕು (ಹಲವು ಪಂಚಾಯತುಗಳು ಸೇರಿದ ಘಟಕ) ಸುರಕ್ಷಿತ, 90ರವರೆಗೆ ಅರೆಗಂಭೀರ, 100ರವರೆಗೆ ಗಂಭೀರ, ಅದನ್ನೂ ದಾಟಿದರೆ ಅತಿಬಳಕೆಯದು. 2017ರ ಅಂದಾಜಿನಲ್ಲಿ ಕಾಸರಗೋಡು ಬ್ಲಾಕು ಗಂಭೀರ ವರ್ಗದಲ್ಲಿತ್ತು. ಅಧಿಸೂಚಿತ ಪ್ರದೇಶದಲ್ಲಿ ಕೊಳವೆ ಬಾವಿಗೆ ಅನುಮತಿ ಕೊಡಬೇಕೇ ಬೇಡವೇ ಎಂಬುದನ್ನು 2002ರ ಕೇರಳ ಅಂತರ್ಜಲ ಕಾಯ್ದೆಯಡಿ ನಿರ್ಧರಿಸುವಾಗಲೂ ಇಲಾಖೆಯ ಇಂಥ ದಾಖಲೆಗಳೇ ಆಧಾರ.

ಈ ಲೆಕ್ಕದ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡಗಳ ಮಟ್ಟಿಗೆ ಅದು ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಲೆಕ್ಕದ ಮಾರ್ಗಸೂಚಿಯ ಪ್ರಕಾರ ಮುರಕಲ್ಲಿನ ನೆಲದಲ್ಲಿ ಬಿದ್ದ ಮಳೆಯ ಸುಮಾರು ಶೇಕಡಾ 7 ಭಾಗ ಇಂಗುತ್ತದೆ. 3,500 ಮಿಲಿಮೀಟರಿಗೆ ಅದು 245 ಮಿಲಿಮೀಟರ್ ಆಯಿತು. ಆ ಕಲ್ಲು ತನ್ನ ಗಾತ್ರದ ಶೇಕಡಾ 2.5ರಷ್ಟು ನೀರನ್ನು ಮಾತ್ರ ಬಿಟ್ಟುಕೊಡುವುದರಿಂದ, ಬಾವಿಯಲ್ಲಿ ಒಂದು ಮೀಟರ್ ಏರಿದ ನೀರೆಂದರೆ ನೆಲದೊಳಗೆ ಬರೀ 25 ಮಿಲಿಮೀಟರ್. ಇಂಗಿದ್ದೆಲ್ಲ ಅಲ್ಲೇ ನಿಂತಿದ್ದರೆ ಬಾವಿಯ ನೀರು ಹತ್ತು ಮೀಟರಿನಷ್ಟು ಏರಬೇಕಾಗಿತ್ತು. ಅಂದರೆ ಗುಡ್ಡ ತುಂಬುವುದರಲ್ಲಿ ನಮಗೆ ಕೊರತೆಯಿಲ್ಲ, ಆಟಿ ತಿಂಗಳಲ್ಲಿ ಅದು ತುಂಬಿಯೇ ಇರುತ್ತದೆ. ತುಂಬಿದ್ದು ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ.

ಮುರಕಲ್ಲಿನ ಅಡಿಯಲ್ಲಿ ನೀರನ್ನು ಸುಲಭವಾಗಿ ಕೆಳಗಿಳಿಯಗೊಡದ ಶೇಡಿ ಎಂಬ ಜೇಡಿಮಣ್ಣಿನ ಪದರವಿದೆ, ಅದರ ಕೆಳಗೆ ಗಟ್ಟಿ ಶಿಲೆ. ಮೇಲಿನಿಂದ ಇಳಿದ ನೀರು ಶೇಡಿಯ ಮೇಲೆ ತಡೆದು ಅಡ್ಡಕ್ಕೆ ಹರಿದು ಕಣಿವೆಯ ತೋಡನ್ನು (ಸಣ್ಣ ಹಳ್ಳವನ್ನು) ಸೇರುತ್ತದೆ. ಈ ಅಡ್ಡ ಹರಿವನ್ನು ನಮ್ಮ ಹಿರಿಯರು ಯಾವ ಉಪಕರಣವೂ ಇಲ್ಲದೆ ಅರಿತು, ಗುಡ್ಡದ ಮಗ್ಗುಲಿಗೆ ಸುರಂಗ ಕೊರೆದು, ಪಂಪಿನ ಹಂಗಿಲ್ಲದೆ ನೀರನ್ನು ಅಂಗಳಕ್ಕೆ ಇಳಿಸಿಕೊಂಡರು. ಹೀಗೆ ತಾನಾಗಿಯೇ ಸೋರಿ ಹೋಗುವ ನೀರಿಗೆಂದು ಮಾರ್ಗಸೂಚಿ ಕಳೆಯುವುದು ಒಟ್ಟು ಮರುಪೂರಣದ, ಅಂದರೆ ಇಂಗಿದ ನೀರಿನ, ಶೇಕಡಾ 5 ಅಥವಾ 10ನ್ನು ಮಾತ್ರ. ನಮ್ಮ ಇಳಿಜಾರಿನಲ್ಲಿ ಸೋರುವ ಪಾಲು ಅದಕ್ಕಿಂತ ಬಹಳ ದೊಡ್ಡದೆಂದು ಮಳೆ ನಿಂತ ಮೇಲೂ ಹರಿಯುವ ಡಿಸೆಂಬರಿನ ತೋಡುಗಳನ್ನು ನೋಡಿದ ಯಾರಿಗಾದರೂ ಅನಿಸುತ್ತದೆ. ಆದ್ದರಿಂದ ಈ ಜಿಲ್ಲೆಯ ನೀರಿನ ಯೋಜನೆಯನ್ನು ವರ್ಷದ ಶೇಕಡಾವಾರಿಗಿಂತ ಮೊದಲು ತಿಂಗಳ ಲೆಕ್ಕದಲ್ಲಿ ರೂಪಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತಿಂಗಳ ಲೆಕ್ಕ ಹಿಡಿದ ಕೂಡಲೇ ಕಟ್ಟಗಳ ಮಹತ್ವ ಎದ್ದು ಕಾಣುತ್ತದೆ. ಮಳೆ ಹಿಂದೆ ಸರಿದ ಮೇಲೆ ನವೆಂಬರ್–ಡಿಸೆಂಬರಿನಲ್ಲಿ ಕಲ್ಲು, ಮಣ್ಣು, ಕಂಗಿನ (ಅಡಿಕೆ) ಮರಗಳಿಂದ ತೋಡಿಗೆ ಅಡ್ಡ ಹಾಕುವ ಕಟ್ಟವನ್ನು ತೋಟಕ್ಕೆ ನೀರು ಹಾಯಿಸುವ ಏರ್ಪಾಡೆಂದಷ್ಟೇ ತಿಳಿದವರೇ ಹೆಚ್ಚು. ಜಲಶಾಸ್ತ್ರದ ದೃಷ್ಟಿಯಲ್ಲಿ ಅದು ಗುಡ್ಡದ ಬಾಗಿಲನ್ನು ಓರೆ ಮಾಡುವ ಕೆಲಸ. ತೋಡಿನ ನೀರಿನ ಮಟ್ಟ ಒಂದೂವರೆ ಮೀಟರ್ ಏರಿದರೆ ಗುಡ್ಡದಿಂದ ತೋಡಿಗಿರುವ ಇಳಿಜಾರು ಅಷ್ಟು ಕಡಿಮೆಯಾಗಿ ಸೋರಿಕೆ ನಿಧಾನವಾಗುತ್ತದೆ, ಅಕ್ಕಪಕ್ಕದ ಬಾವಿಗಳು ಇನ್ನಷ್ಟು ದಿನ ಜೀವ ಹಿಡಿಯುತ್ತವೆ. ಒಂದೇ ತೋಡಿನ ಉದ್ದಕ್ಕೂ ಸಾಲಾಗಿ ಕಟ್ಟ ಹಾಕುತ್ತಿದ್ದ ಏತಡ್ಕದಂಥ ಊರುಗಳ ಅನುಭವದ ಸಾರವೂ ಇದೇ. ಶೇಡಿಯ ಪದರವನ್ನು ದಾಟಿ ಆಳದ ಶಿಲೆಯ ಬಿರುಕಿಗೆ ಇಳಿಯುವ ಕೊಳವೆ ಬಾವಿಗೆ ಈ ಪ್ರಯೋಜನ ಬೇಗ ತಲುಪುವುದಿಲ್ಲ.

ಕಟ್ಟಗಳು ಇಲಾಖೆಯ ಯೋಜನೆಯೊಳಗೆ ಸರಿಯಾಗಿ ಸೇರದಿರಲು ಹೊಣೆಯ ಹಂಚಿಕೆಯೂ ಒಂದು ಕಾರಣ. ತೋಡು ನೀರಾವರಿ ಇಲಾಖೆಗೆ, ನಲ್ಲಿ ಜಲ ಪ್ರಾಧಿಕಾರಕ್ಕೆ, ಬಾವಿಯ ಮಟ್ಟ ಭೂಜಲ ಇಲಾಖೆಗೆ ಸೇರಿದ್ದು. ಕಾಸರಗೋಡು ಪೇಟೆಗೆ ನೀರು ಕೊಡುವ ಬಾವಿಕ್ಕರೆಯಲ್ಲಿ ಕಾಯಂ ಅಣೆಕಟ್ಟು ಆಗುವ ತನಕ ವರ್ಷವರ್ಷವೂ ಮರಳ ಚೀಲದ ತಾತ್ಕಾಲಿಕ ತಡೆ ಹಾಕಬೇಕಾಗುತ್ತಿತ್ತು, ಬೇಸಿಗೆಯಲ್ಲಿ ನಲ್ಲಿಗೆ ಉಪ್ಪುನೀರು ಬರುತ್ತಿತ್ತು. ಅಲ್ಲಿಗೆ ಹರಿದು ಬರುವ ಪಯಸ್ವಿನಿ ಹುಟ್ಟುವುದು ಕೊಡಗಿನ ಕಡೆ, ಸುಳ್ಯವನ್ನು ದಾಟಿ ಗಡಿ ಹೊಗುತ್ತದೆ. ಮೇಲಿನ ತೋಡುಗಳು ಬೇಗ ಒಣಗಿದರೆ ಕೆಳಗೆ ಹೊಳೆಯ ಸಿಹಿನೀರಿನ ಒತ್ತಡ ಕುಗ್ಗಿ ಸಮುದ್ರದ ಉಬ್ಬರ ಒಳನುಗ್ಗುತ್ತದೆ. ಗುಡ್ಡದ ಬಾವಿಗೂ ಪೇಟೆಯ ನಲ್ಲಿಗೂ ಇರುವ ಈ ನಂಟನ್ನು ಯಾವೊಂದು ಇಲಾಖೆಯ ಕಡತವೂ ತಾನೊಂದೇ ತೋರಿಸಲಾರದು.

ಭೂಜಲ ಇಲಾಖೆಯಿಂದ ನಾನು ಮೊದಲು ಬಯಸುವುದು ಹೊಸ ಯಂತ್ರವನ್ನಲ್ಲ. ನವೆಂಬರಿನ ಅಳತೆ ಮುಗಿದ ವಾರದಲ್ಲೇ, ಯಾವ ಕಣಿವೆಯಲ್ಲಿ ನೀರು ಕಳೆದ ವರ್ಷಕ್ಕಿಂತ ಎಷ್ಟು ಕೆಳಗಿದೆ ಎಂಬುದು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಪಂಚಾಯತುಗಳ ಕೈ ಸೇರಬೇಕು. ಕಟ್ಟಕ್ಕೆ ಜನ ಸೇರಿಸುವುದು, ಮಣ್ಣು ಹೊರಿಸುವುದು, ಹಲಗೆ ಇಳಿಸುವುದು ಎಲ್ಲವೂ ಆ ಮೂರ್ನಾಲ್ಕು ವಾರಗಳಲ್ಲೇ ಆಗಬೇಕಾದ ಕೆಲಸ; ಜನವರಿಯ ಹೊತ್ತಿಗೆ ತೋಡಿನಲ್ಲಿ ತಡೆದು ನಿಲ್ಲಿಸಲು ನೀರೇ ಉಳಿದಿರುವುದಿಲ್ಲ.