ಬ್ಲೂಫೀಲ್ಡ್ಸ್‌ಗೆ ರಸ್ತೆ ಬರಲು ಯಾಕಿಷ್ಟು ತಡವಾಯಿತು?

ನಿಕರಾಗುವಾದ ಕೆರಿಬಿಯನ್ ಕರಾವಳಿಯಲ್ಲಿರುವ ಬ್ಲೂಫೀಲ್ಡ್ಸ್ ಆ ಭಾಗದ ಮುಖ್ಯ ಊರು. ಅಲ್ಲಿಂದ ದೇಶದ ಒಳಗಿನ ರಸ್ತೆಗಳಿಗೆ ಸರಿಯಾದ ದಾರಿ ಆಗಿದ್ದು 2019ರಲ್ಲಿ. ಅಲ್ಲಿಯವರೆಗೆ ರಾಜಧಾನಿ ಮನಾಗುವಾಕ್ಕೆ ಹೋಗಬೇಕಾದರೆ ವಿಮಾನ ಹತ್ತಬೇಕಿತ್ತು, ಇಲ್ಲವೇ ದೋಣಿ. ಊರು ದೂರ, ಕಾಡು ದಟ್ಟ, ಮಳೆ ಜಾಸ್ತಿ, ಹಾಗಾಗಿ ತಡವಾಯಿತು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ನೂರಮೂವತ್ತು ವರ್ಷಗಳ ಹಿಂದೆ ಇದು ಮೂಲೆಯ ಊರೇ ಆಗಿರಲಿಲ್ಲ.

ಸ್ಪೇನ್ ಈ ಕರಾವಳಿಯನ್ನು ಹಿಡಿತಕ್ಕೆ ತಂದುಕೊಳ್ಳಲು ಆಗಲೇ ಇಲ್ಲ. ಇಲ್ಲಿನ ಮೂಲನಿವಾಸಿಗಳಾದ ಮಿಸ್ಕಿಟೊ ಜನರಿಗೆ ತಮ್ಮದೇ ರಾಜರಿದ್ದರು, ಬೆನ್ನಿಗೆ ಬ್ರಿಟಿಷರಿದ್ದರು. ಆಫ್ರಿಕಾ ಮೂಲದ ಕ್ರಿಯೋಲ್ ಜನರ ಮನೆಮಾತು ಇಂಗ್ಲಿಷ್‌ನಿಂದ ಬೆಳೆದದ್ದು. 1849ರಲ್ಲಿ ಬಂದ ಮೊರಾವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಮಿಷನರಿಗಳು ಚರ್ಚು, ಶಾಲೆ ಕಟ್ಟಿದರು. 1860ರ ಒಪ್ಪಂದದಲ್ಲಿ ಬ್ರಿಟನ್ ಈ ನೆಲ ನಿಕರಾಗುವಾದ್ದು ಅಂತ ಒಪ್ಪಿತು. ಆದರೂ ಒಳಗಿನ ಆಡಳಿತ ಮಿಸ್ಕಿಟೊ ಮುಖ್ಯಸ್ಥರ ಕೈಯಲ್ಲೇ ಉಳಿಯಿತು. ಅದರ ಕೇಂದ್ರ ಬ್ಲೂಫೀಲ್ಡ್ಸ್.

ಆಮೇಲೆ ಬಾಳೆ ಬಂತು. ಎಸ್ಕೊಂಡಿಡೊ ನದಿಯ ಎರಡೂ ದಂಡೆಯಲ್ಲಿ ತೋಟಗಳೆದ್ದವು. ಗೊನೆ ತುಂಬಿದ ಹಡಗುಗಳು ಅಮೆರಿಕದ ನ್ಯೂ ಓರ್ಲಿಯನ್ಸ್‌ಗೆ ಹೊರಟರೆ, ಬರುವಾಗ ಅಂಗಡಿ ಸಾಮಾನು ಹೊತ್ತು ತರುತ್ತಿದ್ದವು. ಈ ಊರಿನವರಿಗೆ ಮನಾಗುವಾಕ್ಕಿಂತ ನ್ಯೂ ಓರ್ಲಿಯನ್ಸೇ ಹತ್ತಿರ ಅನಿಸುತ್ತಿತ್ತು. ಸಮುದ್ರದ ಕಡೆಯಿಂದ ನೋಡಿದರೆ ಬ್ಲೂಫೀಲ್ಡ್ಸ್ ಹೊರಲೋಕದ ಬಾಗಿಲಲ್ಲೇ ಇತ್ತು. ಅದು ದೂರದ ಊರಾಗಿದ್ದು ಮನಾಗುವಾ ಲೆಕ್ಕ ಇಡಲು ಶುರುಮಾಡಿದ ಮೇಲೆ.

1894ರಲ್ಲಿ ಅಧ್ಯಕ್ಷ ಹೊಸೆ ಸಾಂಟೋಸ್ ಸೆಲಾಯಾ ಕಳಿಸಿದ ಸೈನ್ಯ ಬ್ಲೂಫೀಲ್ಡ್ಸ್ ಹಿಡಿಯಿತು. ಮಿಸ್ಕಿಟೊ ಮುಖ್ಯಸ್ಥ ರಾಬರ್ಟ್ ಹೆನ್ರಿ ಕ್ಲಾರೆನ್ಸ್ ಜಮೈಕಾ ಸೇರಬೇಕಾಯಿತು. ಇಡೀ ಪ್ರಾಂತ್ಯಕ್ಕೆ ಸೆಲಾಯಾ ಅಂತಲೇ ಹೆಸರಿಟ್ಟರು. ಬಂದರಿನ ಸುಂಕ ಮನಾಗುವಾದ ಖಜಾನೆಗೆ ಹೋಯಿತು, ಅಧಿಕಾರಿಗಳು ಅಲ್ಲಿಂದ ಬಂದರು. ರಸ್ತೆ ಮಾತ್ರ ಬರಲಿಲ್ಲ. ನನ್ನ ಪ್ರಕಾರ ಇವತ್ತಿಗೂ ಅಲ್ಲಿ ಕಾಣುವ ಅಪನಂಬಿಕೆಯ ಬೇರು ಇರುವುದು ಇಲ್ಲೇ.

ಮೊದಲ ದೊಡ್ಡ ರಸ್ತೆ ಯೋಜನೆಗೆ ದುಡ್ಡು ಕೊಟ್ಟದ್ದು ಅಮೆರಿಕ. ಎರಡನೇ ಮಹಾಯುದ್ಧದ ಹೊತ್ತಿಗೆ ಶುರುವಾದ ಆ ರಸ್ತೆ ಎಳೆದು ಎಳೆದು 1960ರ ದಶಕಕ್ಕೆ ಹೋಯಿತು. ಮುಗಿದರೂ ಅದು ನಿಂತದ್ದು ಎಲ್ ರಾಮಾ ಎಂಬ ನದಿ ಬಂದರಿನಲ್ಲಿ. ಅಲ್ಲಿಂದ ಮುಂದೆ ನೂರು ಕಿಲೋಮೀಟರ್‌ನಷ್ಟು ನೀರೇ ದಾರಿ.

ಆ ನೀರದಾರಿಯ ಬಸ್ಸು ಅಂದರೆ ಪಾಂಗಾ. ಹಿಂದೆ ಮೋಟಾರು ಕಟ್ಟಿದ ಉದ್ದನೆಯ ಫೈಬರ್ ದೋಣಿ ಅದು. ಅಡ್ಡ ಹಲಗೆಗಳ ಮೇಲೆ ಜನ ಒತ್ತೊತ್ತಾಗಿ ಕೂರುತ್ತಾರೆ. ಮಳೆ ಬಂದರೆ ಎಲ್ಲರೂ ಸೇರಿ ಒಂದು ಟಾರ್ಪಾಲನ್ನು ತಲೆ ಮೇಲೆ ಎಳೆದುಕೊಂಡು, ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಹೆಚ್ಚುಕಡಿಮೆ ಎರಡು ತಾಸಿನ ಪ್ರಯಾಣ. ಅಕ್ಕಿ, ಸಿಮೆಂಟು, ತಗಡಿನಂಥ ಭಾರದ ಸಾಮಾನಿಗೆ ನಿಧಾನದ ದೊಡ್ಡ ದೋಣಿಗಳು. ಊರಿನ ಮುಂದಿನ ಹಿನ್ನೀರು ಆಳ ಇಲ್ಲದ್ದು. ದೊಡ್ಡ ಹಡಗು ಊರಿನ ತನಕ ಬರಲಾಗದೆ ಎದುರಿನ ಎಲ್ ಬ್ಲಫ್‌ನಲ್ಲೇ ನಿಲ್ಲಬೇಕು. ಒಂದೊಂದು ಸಲ ಇಳಿಸಿ ಹತ್ತಿಸಿದಾಗಲೂ ಸಾಮಾನಿನ ಬೆಲೆ ಏರುತ್ತದೆ, ಅದು ಬಂದು ಬೀಳುವುದು ಕೊಳ್ಳುವವರ ಮೇಲೆ.

ಕುಡಿಯುವ ನೀರಿನ ಕಥೆ ಇನ್ನೂ ಬೇಸರದ್ದು. ವರ್ಷಕ್ಕೆ 4,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರಿದು. ಆದರೂ ದಶಕಗಟ್ಟಲೆ ಹೆಚ್ಚಿನ ಮನೆಗಳಿಗೆ ನಲ್ಲಿ ಇರಲಿಲ್ಲ. ಆಳವಿಲ್ಲದ ಬಾವಿ, ಪಕ್ಕದಲ್ಲೇ ಶೌಚದ ಗುಂಡಿ, ಮೇಲೆ ಸುರಿಯುವ ಮಳೆ. ಬಾವಿ ನೀರು ಕೆಡಲು ಇನ್ನೇನು ಬೇಕು? ಇದನ್ನು ಹವಾಮಾನದ ತಲೆಗೆ ಕಟ್ಟುವಂತಿಲ್ಲ. ಪೈಪು, ಚರಂಡಿ ಹಾಕಬೇಕಾದವರು ಹಾಕಲಿಲ್ಲ, ಅಷ್ಟೇ.

1980ರ ದಶಕದಲ್ಲಿ ಮನಾಗುವಾದ ಎಡಪಂಥೀಯ ಸ್ಯಾಂಡಿನಿಸ್ಟಾ ಸರ್ಕಾರದ ವಿರುದ್ಧ ಮಿಸ್ಕಿಟೊ ಹೋರಾಟಗಾರರು ಬಂದೂಕು ಹಿಡಿದರು. ಕೊನೆಗೆ 1987ರಲ್ಲಿ ಕರಾವಳಿಗೆ ಸ್ವಾಯತ್ತತೆ ಕೊಡುವ ಕಾನೂನು ಬಂತು. ಉಸಿರು ಬಿಡುವಷ್ಟರಲ್ಲಿ, 1988ರ ಅಕ್ಟೋಬರ್ 22ರಂದು, ಜೋನ್ ಚಂಡಮಾರುತ ಬಂದು ಅಪ್ಪಳಿಸಿತು. ಮರದ ಮನೆಗಳು ಮಗುಚಿ ಬಿದ್ದವು, ತಗಡಿನ ಸೂರುಗಳು ಹಾರಿಹೋದವು, ಮೊರಾವಿಯನ್ ಚರ್ಚು ಕುಸಿಯಿತು. ಊರಿನ ಬಹುಪಾಲು ನೆಲಸಮವಾಯಿತು. ಹೊಸದಾಗಿ ಸಿಕ್ಕ ಸ್ವಾಯತ್ತತೆಯ ಮೊದಲ ವರ್ಷಗಳು ಮನೆ ಮತ್ತೆ ಕಟ್ಟುವುದರಲ್ಲೇ ಕಳೆದವು.

ಈಗಿನ ರಸ್ತೆ ಒಳನಾಡಿನ ನುಯೆವಾ ಗಿನೆಯಾ ಎಂಬ ಊರಿನ ಕಡೆಯಿಂದ ಬರುತ್ತದೆ. ವಿಶ್ವಬ್ಯಾಂಕ್ ಕೂಡ ಇದಕ್ಕೆ ಹಣ ಕೊಟ್ಟಿದೆ. ರೋಗಿಯನ್ನು ರಾತ್ರಿಯೂ ವಾಹನದಲ್ಲಿ ಕರೆದೊಯ್ಯಬಹುದು, ಲಾರಿ ನೇರ ಊರಿಗೇ ಬರುತ್ತದೆ. ಇದು ಸಣ್ಣ ವಿಷಯ ಅಲ್ಲ. ಹೊರಗೆ ಕೂತು 'ರಸ್ತೆ ಬೇಡ, ಕಾಡು ಉಳಿಯಲಿ' ಅನ್ನುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಆದರೆ ರಸ್ತೆಯಲ್ಲಿ ಜನರೂ ಬರುತ್ತಾರೆ, ಅಲ್ವಾ? ದನ ಮೇಯಿಸಲು ನೆಲ ಹುಡುಕುವವರು ಒಳನಾಡಿನಿಂದ ಪೂರ್ವಕ್ಕೆ ಸರಿಯುತ್ತಿದ್ದದ್ದು ರಸ್ತೆಗೂ ಮೊದಲೇ. ಕಾಡು ಕಡಿದು ಹುಲ್ಲುಗಾವಲು ಮಾಡುವುದು, ಸ್ವಲ್ಪ ಕಾಲದ ನಂತರ ಮಾರಿ ಇನ್ನೂ ಒಳಗೆ ಹೋಗುವುದು, ಹೀಗೆ ಅದು ನಡೆಯುತ್ತದೆ. ಬ್ಲೂಫೀಲ್ಡ್ಸ್‌ನ ದಕ್ಷಿಣಕ್ಕೆ ರಾಮಾ ಎಂಬ ಮೂಲನಿವಾಸಿಗಳ ಮತ್ತು ಕ್ರಿಯೋಲ್ ಸಮುದಾಯಗಳ ಸಾಮೂಹಿಕ ನೆಲವಿದೆ. ಇಂಥ ಸಾಮೂಹಿಕ ನೆಲದ ಹಕ್ಕಿಗಾಗಿ 2003ರಲ್ಲಿ ಜಾರಿಗೆ ಬಂದ 445ನೇ ಕಾನೂನಿನ ಅಡಿಯಲ್ಲಿ 2009ರಲ್ಲಿ ಅವರಿಗೆ ಹಕ್ಕುಪತ್ರವೂ ಸಿಕ್ಕಿದೆ. ಆ ನೆಲವನ್ನು ಮಾರುವಂತಿಲ್ಲ. ಅದೇ ನೆಲದ ಮೇಲೆ ಎರಡು ಸಾಗರಗಳನ್ನು ಜೋಡಿಸುವ ಹಡಗು ಕಾಲುವೆ ತೋಡಲು 2013ರಲ್ಲಿ ಸರ್ಕಾರ ಚೀನಾದ ಉದ್ಯಮಿಯೊಬ್ಬರ ಕಂಪನಿಗೆ ಪರವಾನಗಿ ಕೊಟ್ಟಿತು. ಕಾಲುವೆ ಆಗಲಿಲ್ಲ, 2024ರಲ್ಲಿ ಆ ಪರವಾನಗಿ ರದ್ದಾಯಿತು.

445ನೇ ಕಾನೂನಿನಲ್ಲಿ ಒಟ್ಟು ಐದು ಹಂತಗಳಿವೆ. ಹಕ್ಕುಪತ್ರ ಕೊಡುವುದು ನಾಲ್ಕನೆಯದು. ಅತಿಕ್ರಮಣ ಮಾಡಿ ಕೂತವರ ವಿಚಾರ ಇತ್ಯರ್ಥ ಮಾಡಿ, ನೆಲವನ್ನು ಸಮುದಾಯದ ಕೈಗೆ ಬಿಡಿಸಿಕೊಡುವುದು ಐದನೆಯದು. ರಾಮಾ ಜನ ವರ್ಷಗಳಿಂದ ಕೇಳುತ್ತಿರುವುದು ಆ ಐದನೇ ಹಂತವನ್ನೇ. ರಸ್ತೆ ಮುಗಿಯಿತು, ಆ ಕೆಲಸ ಮುಗಿದಿಲ್ಲ.