ಹಾಲಿನ ಪ್ಯಾಕೆಟ್ಟಿಗೆ ರಾಜಕೀಯ ಬಂದದ್ದು ಯಾವಾಗ?

ಪ್ರಶ್ನೆ: ಮೊದಲೆಲ್ಲ ಹಾಲು ಬರೀ ಹಾಲಾಗಿತ್ತು. ಅದಕ್ಕೂ ರಾಜಕೀಯ ಬೆರೆಸಿದವರು ಯಾರು?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಉತ್ತರ ನನಗೆ ಬಾಯಿಪಾಠವಾಗಿಬಿಟ್ಟಿದೆ. ಕೇಳುವವರ ಮನಸ್ಸಿನಲ್ಲಿರುವುದು 2023ರ ಏಪ್ರಿಲ್ ತಿಂಗಳು. ಮೇ 10ರ ವಿಧಾನಸಭಾ ಚುನಾವಣೆ ಹತ್ತಿರವಿದ್ದಾಗ ಅಮುಲ್ ಸಂಸ್ಥೆ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಪ್ರಕಟಿಸಿತು, ನಂದಿನಿಯನ್ನು ಉಳಿಸಿಕೊಳ್ಳಬೇಕೆಂಬ ಕೂಗೆದ್ದಿತು. ಹಾಲಿಗೆ ರಾಜಕೀಯ ಬೆರೆತದ್ದು ಅಂದೇ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಆರಂಭವಾದ ಡೈರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಜನ ಡೈರಿ ಎಂದೇ ಕರೆಯುವ ಊರಿನ ಹಾಲು ಉತ್ಪಾದಕರ ಸಂಘಕ್ಕೂ ಚುನಾವಣೆ ನಡೆಯುತ್ತದೆ, ಒಕ್ಕೂಟದ ನಿರ್ದೇಶಕರ ಸ್ಥಾನಗಳಿಗೂ ನಡೆಯುತ್ತದೆ. ಮಹಾಮಂಡಳದ ಅಧ್ಯಕ್ಷರ ಕುರ್ಚಿಯಲ್ಲಿ ಎಚ್.ಡಿ. ರೇವಣ್ಣ, ಬಾಲಚಂದ್ರ ಜಾರಕಿಹೊಳಿ ಅವರಂಥವರು ಕೂತಿದ್ದರೆಂಬುದನ್ನು ನೆನೆದರೆ, ಆ ಕುರ್ಚಿಯ ತೂಕ ಎಷ್ಟೆಂದು ವಿವರಿಸಬೇಕಿಲ್ಲ. ಲೀಟರಿಗೆ 2 ರೂಪಾಯಿಯಿಂದ ಶುರುವಾದ ಸರ್ಕಾರದ ಪ್ರೋತ್ಸಾಹಧನ, ಒಂದು ಸರ್ಕಾರ ಕೊಟ್ಟದ್ದನ್ನು ಇನ್ನೊಂದು ಹೆಚ್ಚಿಸುತ್ತ 5 ರೂಪಾಯಿಗೆ ಏರಿತು. 2013ರಲ್ಲಿ ಕ್ಷೀರಭಾಗ್ಯದ ಹೆಸರಿನಲ್ಲಿ ಹಾಲು ಶಾಲೆಗೂ ಹೋಯಿತು. ದರ ಏರಿಸಬೇಕೆಂದರೆ ಇಂದಿಗೂ ಸರ್ಕಾರ ಒಪ್ಪಬೇಕು. ಮುಂಜಾನೆ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಲ್ಲುವ ಹೆಣ್ಣುಮಗಳಿಗೆ ಇದೆಲ್ಲ ಮೊದಲಿನಿಂದ ಗೊತ್ತಿತ್ತು. ಬಾಗಿಲಿಗೇ ಪ್ಯಾಕೆಟ್ ತರಿಸಿಕೊಳ್ಳುವವರ ಕಣ್ಣಿಗೆ ಬಿದ್ದದ್ದು ತಡವಾಗಿ, ಅಷ್ಟೆ.

2023ರಲ್ಲಿ ಹೊಸದಾಗಿ ಸೇರಿದ್ದು ಭಾಷೆ. ಮೊಸರಿನ ಪ್ಯಾಕೆಟ್ಟಿನ ಮೇಲೆ ‘ದಹಿ’ ಎಂದು ಮುದ್ರಿಸಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ಸೂಚನೆಯನ್ನು ವಿರೋಧದ ನಂತರ ಮಾರ್ಚ್ ಕೊನೆಯಲ್ಲಿ ಸಡಿಲಿಸಲಾಯಿತು.

ಹಾಗಾದರೆ ಅಡುಗೆ ಎಣ್ಣೆಗೆ ಇಷ್ಟು ರಾಜಕೀಯವೇಕಿಲ್ಲ ಎಂದು ಯಾರೂ ಕೇಳಿಲ್ಲ, ಕೇಳಬೇಕಿತ್ತು. ನಾವು ಬಳಸುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ 20ಕ್ಕೆ ಏರಿಸಿತು. ಅದೂ ರಾಜಕೀಯ ನಿರ್ಧಾರವೇ. ಆದರೆ 2025ರ ಏಪ್ರಿಲ್‌ನಲ್ಲಿ ಹಾಲಿನ ದರ 4 ರೂಪಾಯಿ ಏರಿದಾಗ ಆದಷ್ಟು ಗದ್ದಲ ಆಗ ಆಗಲಿಲ್ಲ. ಎಣ್ಣೆಗೆ ಊರೂರಿನಲ್ಲಿ ಸಂಘವಿಲ್ಲ, ನಾವು ಆರಿಸಿ ಕಳಿಸಿದ ನಿರ್ದೇಶಕರಿಲ್ಲ. ಬೈಯೋಣವೆಂದರೆ ಎದುರಿಗೆ ಸಿಗುವವನು ಕಿರಾಣಿ ಅಂಗಡಿಯವನೊಬ್ಬನೇ.